ಆಂಟೆನಾದ ಬಾಗಿಲಲ್ಲಿರುವ ಪುಟ್ಟ ಸ್ವಿಚ್ಚು

ಯಂತ್ರವೊಂದನ್ನು ಹೊಗಳುವಾಗ ನಾವು ಅದರ ದೊಡ್ಡ ಅಂಗಗಳನ್ನೇ ಹೊಗಳುವುದು ವಾಡಿಕೆ. ಮೊಬೈಲ್ ಫೋನಿನ ಮಾತು ಬಂದರೆ ಅದರ ತೆರೆ, ಕ್ಯಾಮೆರಾ, ಬ್ಯಾಟರಿ, ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಒಳಗೊಂಡ ಚಿಪ್ಪು, ಇವುಗಳ ವಿಚಾರವೇ ಬರುವುದು. ಅಂಗ ಅಂಗಗಳನ್ನು ಕೂಡಿಸುವ ಕೀಲುಗಳನ್ನು ಯಾರೂ ಕೇಳುವುದಿಲ್ಲ. ಅಂತಹ ಒಂದು ಕೀಲಿನ ಪರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ. ಫೋನಿನ ರೇಡಿಯೋ ವಿದ್ಯುನ್ಮಂಡಲಕ್ಕೂ ಅದರ ಆಂಟೆನಾಕ್ಕೂ ನಡುವೆ, ಎರಡು ಮೂರು ಮಿಲಿಮೀಟರು ಅಗಲದ ಒಂದು ಬಿಡಿಭಾಗವಿರುವುದುಂಟು. ಅದು ಏಕಕಾಲದಲ್ಲಿ ಕನೆಕ್ಟರೂ ಹೌದು, ಸ್ವಿಚ್ಚೂ ಹೌದು. ಸಾಮಾನ್ಯವಾಗಿ ಅದು ಸ್ವಿಚ್ಚಾಗಿ ದುಡಿಯುವುದು ಕಾರ್ಖಾನೆಯಲ್ಲಿ, ಕೆಲವೇ ಕ್ಷಣ. ಉಳಿದ ಆಯುಷ್ಯವನ್ನೆಲ್ಲ ಅದು ಬರಿಯ ತಂತಿಯ ತುಂಡಿನಂತೆ ಕಳೆಯುವುದು. ಹಾಗಾದರೆ ಅದು ದಂಡವಲ್ಲವೆ? ತೆಗೆದುಹಾಕಿದರೆ ನಷ್ಟವೇನು? ಈ ಪ್ರಶ್ನೆಯನ್ನು ವಿಚಾರಮಾಡಿ ನೋಡುವುದು ವಿದ್ಯಾರ್ಥಿಗಳಿಗೆ ಲಾಭಕರವೆಂದು ನನ್ನ ನಂಬಿಕೆ.

ಮೊದಲು ಆ ಸ್ಥಳದ ಮಹತ್ವವನ್ನು ತಿಳಿಯೋಣ. ಎರಡನೆಯ ಪೀಳಿಗೆಯ ಜಿ.ಎಸ್.ಎಂ. ವ್ಯವಸ್ಥೆಯಲ್ಲಿ, 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸಮಾಡುವ ಸಾಧಾರಣ ಕೈಫೋನು ಹೊರಸೂಸುವ ಗರಿಷ್ಠ ಸಾಮರ್ಥ್ಯ 2 ವಾಟ್. ಅದೇ ಫೋನು ಗೋಪುರದಿಂದ ಬರುವ ಎಷ್ಟು ಕ್ಷೀಣವಾದ ಸಂಕೇತವನ್ನು ಗ್ರಹಿಸಬೇಕು? ಮಾನಕದ ಪ್ರಕಾರ ಅದು ಒಂದು ವಾಟಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಮೆ. ಕೂಗುವ ಧ್ವನಿಗೂ ಆಲಿಸುವ ಪಿಸುಮಾತಿಗೂ ಇರುವ ತಾರತಮ್ಯ ಸುಮಾರು 32 ಲಕ್ಷ ಕೋಟಿ ಪಟ್ಟು! ಈ ಎರಡೂ ಒಂದೇ ಆಂಟೆನಾದ ಮೂಲಕ, ಒಂದೇ ಕಿರುಹಾದಿಯಲ್ಲಿ ಸಾಗಬೇಕು. ನಮ್ಮ ಪುಟ್ಟ ಕನೆಕ್ಟರು ಕುಳಿತಿರುವುದು ಆ ಹಾದಿಯಲ್ಲಿಯೇ.

ಇಷ್ಟು ಸೂಕ್ಷ್ಮವಾದ ಉಪಕರಣವನ್ನು ಅಳೆಯದೆ ಹೊರಗೆ ಕಳುಹಿಸುವಂತಿಲ್ಲ. ಒಂದೇ ನಕ್ಷೆಯಂತೆ ಮಾಡಿದ ಎರಡು ಫೋನುಗಳು ಒಂದೇ ಸಮನಾಗಿರುವುದಿಲ್ಲ. ಒಂದರ ವರ್ಧಕ ಸ್ವಲ್ಪ ಚುರುಕು, ಇನ್ನೊಂದರದು ಸ್ವಲ್ಪ ಮಂದ. ಜಿ.ಎಸ್.ಎಂ. ಮಾನಕವು ಸಾಧಾರಣ ಪರಿಸ್ಥಿತಿಯಲ್ಲಿ ಗರಿಷ್ಠ ಸಾಮರ್ಥ್ಯಕ್ಕೆ ಕೊಡುವ ವಿನಾಯಿತಿ 2 ಡೆಸಿಬೆಲ್. ಅಂದರೆ 2 ವಾಟಿನ ಫೋನು ಸುಮಾರು 1.26ರಿಂದ 3.17 ವಾಟಿನವರೆಗಿನ ಮೇರೆಯೊಳಗೆ ನಿಲ್ಲಬೇಕು. ಮೇರೆ ಮೀರಿದರೆ ಬ್ಯಾಟರಿ ಬೇಗ ಬರಿದಾಗುವುದು, ನೆರೆಯವರ ಸಂಭಾಷಣೆಗೂ ಅಡ್ಡಿಯಾಗುವುದು. ಕಡಮೆಯಾದರೆ ಮಾತು ನಡುವೆಯೇ ಕಡಿದುಹೋಗುವುದು. ಆದಕಾರಣ ಕಾರ್ಖಾನೆಯಲ್ಲಿ ಪ್ರತಿಯೊಂದು ಫೋನನ್ನೂ ಮಾಪಕಕ್ಕೆ ಜೋಡಿಸಿ, ಅದರ ಕುಂದನ್ನು ಅಳೆದು, ತಿದ್ದುಪಡಿಯ ಅಂಕೆಗಳನ್ನು ಅದರ ಸ್ಮೃತಿಯಲ್ಲಿ ಬರೆದಿಡುವರು.

ಮಾಪಕವನ್ನು ಜೋಡಿಸುವುದು ಹೇಗೆ? ಆಂಟೆನಾದ ದಾರಿಗೆ ಇನ್ನೊಂದು ತಂತಿಯನ್ನು ಬೆಸುಗೆ ಹಾಕಿದರೆ ಸಾಲದೆ, ಎಂದು ಯಾರಾದರೂ ಕೇಳಬಹುದು. ಸಾಲದು. ರೇಡಿಯೋ ಹಾದಿಗಳನ್ನು ಸಾಮಾನ್ಯವಾಗಿ 50 ಓಮ್ ಇಂಪೀಡೆನ್ಸಿಗೆ ಹೊಂದಿಸಿರುತ್ತಾರೆ. 50 ಓಮಿನ ಆಂಟೆನಾದ ಜೊತೆಗೆ 50 ಓಮಿನ ಮಾಪಕವನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 25 ಓಮ್ ಆಗುವುದು. ಹೊಂದಿಕೆ ಕೆಟ್ಟು, ಹೊರಟ ಶಕ್ತಿಯ ಒಂಬತ್ತನೆಯ ಒಂದು ಭಾಗ ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಉಳಿದ ಎಂಟು ಭಾಗಗಳಲ್ಲಿ ನಾಲ್ಕು ಮಾಪಕಕ್ಕೆ, ನಾಲ್ಕು ಆಂಟೆನಾಕ್ಕೆ. ಇಷ್ಟೇ ಆಗಿದ್ದರೆ ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದಾಗಿತ್ತು. ಆದರೆ ಆಂಟೆನಾದ ಇಂಪೀಡೆನ್ಸು ಸ್ಥಿರವಾದುದಲ್ಲ. ಹತ್ತಿರ ಒಂದು ಕೈ ಬಂದರೆ, ಕೆಳಗೆ ಲೋಹದ ಮೇಜಿದ್ದರೆ, ಅದು ಬದಲಾಗುವುದು. ಆಗ ಮಾಪಕವು ತೋರಿಸುವುದು ಫೋನಿನ ಗುಣವನ್ನೊ, ಮೇಜಿನ ಗುಣವನ್ನೊ ಹೇಳಲು ಬಾರದು. ಕಡಮೆ ರೋಧದ ವೋಲ್ಟ್‌ಮೀಟರನ್ನು ಜೋಡಿಸಿದೊಡನೆ ಅಳೆಯಬೇಕಾದ ವೋಲ್ಟೇಜೇ ಇಳಿದುಹೋಗುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಇದು ಅದೇ ತೊಡಕಿನ ದೊಡ್ಡಣ್ಣ.

ಈ ತೊಡಕಿಗೆ ಪರಿಹಾರವೇ ಕನೆಕ್ಟರ್-ಸ್ವಿಚ್ಚು. ಅದರೊಳಗೆ ಎರಡು ಲೋಹದ ಎಸಳುಗಳಿವೆ. ಒಂದು ವಿದ್ಯುನ್ಮಂಡಲದ ಕಡೆಗೆ, ಇನ್ನೊಂದು ಆಂಟೆನಾದ ಕಡೆಗೆ. ಸಾಧಾರಣ ಸ್ಥಿತಿಯಲ್ಲಿ ಸ್ಪ್ರಿಂಗಿನ ಒತ್ತಡದಿಂದ ಎರಡೂ ಒಂದನ್ನೊಂದು ಮುಟ್ಟಿಕೊಂಡಿರುವುವು, ಹಾದಿ ತೆರೆದಿರುವುದು. ಮೇಲಿನ ರಂಧ್ರದಲ್ಲಿ ಪರೀಕ್ಷಾ ಸಲಾಕೆಯನ್ನು ಇಳಿಸಿದೊಡನೆ ಅದರ ತುದಿ ಒಂದು ಎಸಳನ್ನು ಕೆಳಕ್ಕೆ ಒತ್ತುವುದು. ಆ ಎಸಳು ಆಂಟೆನಾದ ಕಡೆಯ ಜೊತೆಗಾರನನ್ನು ಬಿಟ್ಟು ಸಲಾಕೆಯನ್ನು ಹಿಡಿಯುವುದು. ಹೊರಗಿನ ಲೋಹದ ಕವಚವು ಸಲಾಕೆಯ ಕವಚವನ್ನು ಸೇರಿ ಏಕಾಕ್ಷ ಕೇಬಲ್ಲಿನ ಹಾದಿಯನ್ನು ಅಖಂಡವಾಗಿ ಮುಂದುವರಿಸುವುದು. ಸಲಾಕೆಯನ್ನು ಎತ್ತಿದರೆ ಎಲ್ಲವೂ ಮೊದಲಿನಂತೆ. ಜೋಡಿಸುವುದು, ಕಡಿಯುವುದು, ಎರಡೂ ಒಂದೇ ಚಲನೆಯಲ್ಲಿ ನಡೆಯುವುದೇ ಇದರ ಜಾಣ್ಮೆ. ಜಪಾನಿನ ಮುರಾಟ, ಹಿರೋಸೆ ಮುಂತಾದ ಸಂಸ್ಥೆಗಳು ಇಂತಹ ಬಿಡಿಭಾಗಗಳನ್ನು ತಯಾರಿಸುತ್ತವೆ.

ಈ ಕಲ್ಪನೆ ಹೊಸದಲ್ಲ. ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಕಿವಿಗೊಳವೆಯ ಪ್ಲಗ್ಗನ್ನು ಚುಚ್ಚಿದೊಡನೆ ಧ್ವನಿವರ್ಧಕ ಮೌನವಾಗುವುದು ಇದೇ ತತ್ತ್ವದಿಂದ. ಅದಕ್ಕಿಂತಲೂ ಹಿಂದೆ, 19ನೆಯ ಶತಮಾನದ ಕೊನೆಯ ಭಾಗದ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ, ಪ್ಲಗ್ಗು ಒಳಹೊಕ್ಕೊಡನೆ ಸ್ಪ್ರಿಂಗು ಸರಿದು ಹಳೆಯ ಸಂಬಂಧ ಕಡಿದು ಹೊಸದು ಕೂಡಿಕೊಳ್ಳುವ ಏರ್ಪಾಡು ಬಳಕೆಗೆ ಬಂದಿತು. ಅಮೆರಿಕದ ಚಾರ್ಲ್ಸ್ ಸ್ಕ್ರಿಬ್ನರ್ ರೂಪಿಸಿದ ಅಂತಹ ಸ್ವಿಚ್ಚು ಮಡಿಸುವ ಚಾಕುವನ್ನು ಹೋಲುತ್ತಿದ್ದುದರಿಂದ ‘ಜಾಕ್-ನೈಫ್’ ಎನಿಸಿಕೊಂಡಿತು. ನಾವು ಇಂದಿಗೂ ಬಳಸುವ ‘ಜಾಕ್’ ಎಂಬ ಮಾತು ಅಲ್ಲಿಂದ ಬಂದುದು. 1990ರ ದಶಕದ ಅನೇಕ ಮೊಬೈಲ್ ಫೋನುಗಳ ಬೆನ್ನಿನಲ್ಲಿ ಕಾರಿನ ಹೊರ ಆಂಟೆನಾವನ್ನು ಜೋಡಿಸಲು ಇಂತಹ ರಂಧ್ರವಿರುತ್ತಿತ್ತು.

ಆದರೆ ಟೆಲಿಫೋನಿಗೆ ಒಪ್ಪುವ ಜಾಕು ರೇಡಿಯೋ ತರಂಗಕ್ಕೆ ಒಪ್ಪುವುದಿಲ್ಲ. ಬಿಡಿಸಿದ ಎರಡು ಎಸಳುಗಳ ನಡುವಿನ ಸಂದು ಒಂದು ಚಿಕ್ಕ ಕೆಪ್ಯಾಸಿಟರ್ ಆಗಿರುವುದೇ ಇದಕ್ಕೆ ಕಾರಣ. ಅದರ ಬೆಲೆ 0.1 ಪಿಕೋಫ್ಯಾರಡ್ ಎಂದು ಭಾವಿಸೋಣ. ಮನೆಯ 50 ಹರ್ಟ್ಸ್ ವಿದ್ಯುತ್ತಿಗೆ ಅದು ಒಡ್ಡುವ ಅಡ್ಡಿ ಸುಮಾರು 3,200 ಕೋಟಿ ಓಮ್. ಅದು ಗೋಡೆಯೇ ಸರಿ. 900 ಮೆಗಾಹರ್ಟ್ಸಿನಲ್ಲಿ ಅದು ಸುಮಾರು 1,770 ಓಮಿಗೆ ಇಳಿಯುವುದು. ಐದನೆಯ ಪೀಳಿಗೆಯ 3.5 ಗಿಗಾಹರ್ಟ್ಸಿನಲ್ಲಿ ಕೇವಲ 455 ಓಮ್. ಗೋಡೆ ಬೇಲಿಯಾಯಿತು, ಬೇಲಿಯಲ್ಲಿ ಕಿಂಡಿಯೂ ಬಿದ್ದಿತು! ಪಠ್ಯಪುಸ್ತಕದಲ್ಲಿ ಸ್ವಿಚ್ಚು ಎಂದರೆ ಎರಡು ಚುಕ್ಕೆ, ಒಂದು ಓರೆ ಗೆರೆ. ನಿಜವಾದ ಸ್ವಿಚ್ಚು ಎಂದಿಗೂ ಪೂರ್ತಿಯಾಗಿ ತೆರೆದಿರುವುದಿಲ್ಲ, ಪೂರ್ತಿಯಾಗಿ ಮುಚ್ಚಿರುವುದೂ ಇಲ್ಲ.

ಈಗ ಆಕ್ಷೇಪಣೆಗೆ ಬರೋಣ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಕನೆಕ್ಟರು ಹಾದಿಯಲ್ಲಿರುವಷ್ಟು ಕಾಲವೂ ಸ್ವಲ್ಪ ಶಕ್ತಿಯನ್ನು ನುಂಗುವುದು. ನಷ್ಟ 0.1 ಡೆಸಿಬೆಲ್ ಇದ್ದರೂ, ಶೇಕಡ 2ಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಪ್ರತಿಯೊಂದು ಮಾತಿನಲ್ಲಿಯೂ ವ್ಯರ್ಥ. ಎಸಳುಗಳ ನಡುವೆ ತೇವವೊ ಧೂಳೊ ಸೇರಿದರೆ, ಅಳತೆಗಾಗಿ ಇಟ್ಟ ವಸ್ತುವೇ ರೋಗಕ್ಕೆ ಮೂಲವಾದೀತು. ಇಂದಿನ ಫೋನಿನಲ್ಲಿ ಆಂಟೆನಾಗಳೂ ಹಲವು; ಒಂದೊಂದಕ್ಕೂ ಒಂದೊಂದು ಕನೆಕ್ಟರೆಂದರೆ ಬೆಲೆಯೂ ಜಾಗವೂ ಹೆಚ್ಚುವುವು. ಆದ್ದರಿಂದ ಮಾದರಿ ಫೋನುಗಳಲ್ಲಿ ಕನೆಕ್ಟರನ್ನಿಟ್ಟು, ಮಾರಾಟದವುಗಳಲ್ಲಿ ಅದನ್ನು ಬಿಟ್ಟು, ಬರಿಯ ಲೋಹದ ಚುಕ್ಕೆಗಳ ಮೇಲೆ ಸೂಜಿಯೂರಿ ಪರೀಕ್ಷಿಸುವ ಪದ್ಧತಿಯೂ ಉಂಟು.

ಇಷ್ಟನ್ನೂ ಒಪ್ಪಿಕೊಂಡ ಮೇಲೂ ಕನೆಕ್ಟರು ಉಳಿಯಬೇಕೆಂಬುದೇ ನನ್ನ ಅಭಿಪ್ರಾಯ. ಸೂಜಿಯ ಪರೀಕ್ಷೆಗೆ ಆಯಾ ಫೋನಿಗೆಂದೇ ಮಾಡಿದ ಚೌಕಟ್ಟು ಬೇಕು. ಅದು ಕಾರ್ಖಾನೆಯಲ್ಲಿದೆ, ಊರಿನ ದುರಸ್ತಿ ಅಂಗಡಿಯಲ್ಲಿಲ್ಲ. ಫೋನಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲವೆಂದು ಗ್ರಾಹಕನು ದೂರುತ್ತಾನೆ. ದೋಷ ಗೋಪುರದ್ದೊ, ಆಂಟೆನಾದ್ದೊ, ಒಳಗಿನ ವರ್ಧಕದ್ದೊ? ಸ್ವಿಚ್ಚುಳ್ಳ ಕನೆಕ್ಟರಿದ್ದಲ್ಲಿ, ತಕ್ಕ ಮಾಪಕವುಳ್ಳ ಕೆಲಸಗಾರನು ಬೆನ್ನನ್ನು ತೆರೆದು ಸಲಾಕೆಯನ್ನು ಇಳಿಸುವಷ್ಟರಲ್ಲಿ ಸಮಸ್ಯೆ ಎರಡು ಹೋಳಾಗುವುದು. ವಿದ್ಯುನ್ಮಂಡಲ ಸರಿಯಾಗಿದ್ದರೆ ದೋಷ ಆಂಟೆನಾದ ಕಡೆ. ಇಲ್ಲವಾದರೆ ಈ ಕಡೆ. ಅದಿಲ್ಲದಲ್ಲಿ ಉಳಿಯುವುದು ಊಹೆ. ಊಹೆಯ ಫಲವಾಗಿ ಒಳ್ಳೆಯ ಭಾಗವನ್ನು ಕಿತ್ತು ಬದಲಾಯಿಸುವುದು, ಕೊನೆಗೆ ಫೋನನ್ನೇ ಕಸಕ್ಕೆ ಎಸೆಯುವುದು. 2022ರಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ರಚಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಮೊಬೈಲ್ ಫೋನೂ ಒಂದು. ಬಿಡಿಭಾಗ, ಕೈಪಿಡಿ, ಇವು ದೊರೆತರೆ ಆ ಹಕ್ಕು ಪೂರ್ಣವಾಯಿತೆಂದು ಭಾವಿಸುವವರುಂಟು. ಅಳೆಯಲು ಬಾರದ ವಸ್ತುವನ್ನು ದುರಸ್ತಿಮಾಡಲೂ ಬಾರದು ಎಂಬುದನ್ನು ಅವರು ನೆನೆಯಬೇಕು.

ಒಂದು ವಸ್ತುವು ಎಷ್ಟು ಸಲ ಕೆಲಸಕ್ಕೆ ಬಂದಿತೆಂಬುದರಿಂದಲೇ ಅದರ ಬೆಲೆಯನ್ನು ಕಟ್ಟುವುದು ತಪ್ಪು. ಮೋಟಾರಿನ ಎಂಜಿನ್ನಿನಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿ ವರ್ಷವೆಲ್ಲ ಸುಮ್ಮನೆ ಕುಳಿತಿರುತ್ತದೆ. ಅದು ದಂಡವೆಂದು ಯಾರೂ ಹೇಳುವುದಿಲ್ಲ. ಯಂತ್ರವನ್ನು ಪ್ರಶ್ನೆ ಕೇಳಲು ಒಂದು ಬಾಗಿಲನ್ನು ಬಿಡುವುದು ಅದನ್ನು ಕಟ್ಟುವವನ ಕರ್ತವ್ಯದ ಒಂದು ಭಾಗ. ಪ್ರಶ್ನೆ ಕೇಳುವಾಗ ಉತ್ತರ ಕೆಡದಂತೆ ನೋಡಿಕೊಳ್ಳುವುದು ಇನ್ನೊಂದು ಭಾಗ. ಈ ಎರಡನ್ನೂ ಮೂರು ಮಿಲಿಮೀಟರಿನಲ್ಲಿ ಸಾಧಿಸಿದ ಕೀಲಿಗೆ ಶೇಕಡ 2ರ ಸುಂಕ ಹೆಚ್ಚೇನಲ್ಲ.

ನಮ್ಮ ಕಾಲೇಜುಗಳಲ್ಲಿ ಸ್ವಿಚ್ಚಿನ ಪಾಠ ಓರೆ ಗೆರೆಯಲ್ಲಿಯೇ ಮುಗಿದುಹೋಗುತ್ತಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿಯೂ ಇಂದು ಫೋನುಗಳನ್ನು ಜೋಡಿಸುವ ಕಾರ್ಖಾನೆಗಳಿವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅಲ್ಲಿ ಕೆಲಸಕ್ಕೆ ಸೇರಬಹುದು. ಅಲ್ಲಿ ನಿಮ್ಮ ಕೈಗೆ ಬರುವ ಮೊದಲ ಕೆಲಸ ಚಿಪ್ಪನ್ನು ರಚಿಸುವುದಾಗಿರಲಾರದು. ಸಲಾಕೆಯನ್ನು ಇಳಿಸಿ ಅಂಕೆಯನ್ನು ಓದುವುದಾಗಿದ್ದೀತು. ಆ ಅಂಕೆಯನ್ನು ನಂಬಬಹುದೆ, ನಂಬಬಹುದಾದರೆ ಏಕೆ ಎಂದು ಕೇಳುವ ಅಭ್ಯಾಸ ಇಲ್ಲಿಂದಲೇ ಬೆಳೆಯಬೇಕು. ಮುಂದಿನ ಸಲ ಪ್ರಯೋಗಶಾಲೆಯಲ್ಲಿ ಮೀಟರನ್ನು ಜೋಡಿಸುವಾಗ, ಜೋಡಿಸುವ ಮೊದಲು ಮಂಡಲ ಹೇಗಿದ್ದಿತು, ಜೋಡಿಸಿದ ಮೇಲೆ ಏನಾಯಿತು ಎಂದು ಒಂದು ಕ್ಷಣ ಯೋಚಿಸಿರಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ದೊರೆಯಲಿಕ್ಕಿಲ್ಲ. ಆದರೆ ಭೌತವಿಜ್ಞಾನಿಯ ಕೆಲಸ ಪ್ರಾರಂಭವಾಗುವುದು ಅಲ್ಲಿಂದಲೇ.