ಬಣ್ಣಕ್ಕೆ ಬೆಲೆ, ಕಣ್ಣಿಗೆ ಕುಂಬಳ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಡಬ್ಬಿ, ಕಡ್ಡಿ ಎಂದು ವಿಂಗಡಿಸಿದ ಕಾಯಿಯ ಕೆಂಪನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಕಾಯಿಯ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆ ಹಾದು ಆ ಬಣ್ಣ ಸಾಸ್‌ಗೂ ಸೇರುತ್ತದೆ, ಲಿಪ್‌ಸ್ಟಿಕ್‌ಗೂ ಸೇರುತ್ತದೆ. 2011ರಲ್ಲಿ ಈ ಕಾಯಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಇದೇ ಹಾವೇರಿ ಸೀಮೆಯ ಸಂತೆಯಲ್ಲಿ ಹೋಳು ಮಾಡಿ ಮಾರುವ ಸಿಹಿಗುಂಬಳದ ಬಣ್ಣವನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಎರಡೂ ಬಣ್ಣ ಕೆರೋಟಿನಾಯ್ಡ್ ಎಂಬ ಒಂದೇ ಮನೆತನದವು. ಆದರೆ ಕಣ್ಣಿನ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವುದು ಅಗ್ಗದ ಕುಂಬಳವೇ.

ಕಾರಣ ಸರಳ. ಕುಂಬಳದ ಕೇಸರಿ ತಿರುಳಿನಲ್ಲಿರುವ ಬೀಟಾ ಕೆರೋಟಿನ್ ನಮ್ಮ ಕರುಳಿನಲ್ಲಿ ವಿಟಮಿನ್ ‘ಎ’ ಆಗಿ ಮಾರ್ಪಡುತ್ತದೆ. ಮಂದ ಬೆಳಕಿನಲ್ಲಿ ನೋಡಲು ಅಕ್ಷಿಪಟಲಕ್ಕೆ ಬೇಕಾದ ರೊಡಾಪ್ಸಿನ್ ತಯಾರಾಗುವುದು ಈ ವಿಟಮಿನ್‌ನಿಂದ. ಅದು ಕಡಿಮೆಯಾದರೆ ಮೊದಲು ಇರುಳುಗಣ್ಣು. ಕೊರತೆ ಬೆಳೆದರೆ ಕಣ್ಣು ಒಣಗಿ, ಕಾರ್ನಿಯಾ ಹುಣ್ಣಾಗಿ, ದೃಷ್ಟಿಯೇ ಹೋಗಬಹುದು. ಮಕ್ಕಳಿಗೆ ವಿಟಮಿನ್ ‘ಎ’ ದ್ರಾವಣ ಕುಡಿಸುವ ಕಾರ್ಯಕ್ರಮವನ್ನು ದೇಶ 1970ರಲ್ಲಿ ಆರಂಭಿಸಿದ್ದು ಇದೇ ಭಯಕ್ಕೆ. ಇನ್ನು ಮೆಣಸಿನಕಾಯಿಯ ಮುಖ್ಯ ಕೆಂಪಾದ ಕ್ಯಾಪ್ಸಾಂಥಿನ್ ವಿಟಮಿನ್ ‘ಎ’ ಆಗಿ ಬದಲಾಗುವುದಿಲ್ಲ. ಅದರ ಜೊತೆಗಿರುವ ಬೀಟಾ ಕೆರೋಟಿನ್ ಬದಲಾಗುತ್ತದೆ ನಿಜ. ಆದರೆ ಖಾರದ ಪುಡಿಯನ್ನು ಚಮಚದಲ್ಲಿ ತಿನ್ನುತ್ತೇವೆ, ಕುಂಬಳದ ಪಲ್ಯವನ್ನು ಬಟ್ಟಲಲ್ಲಿ. ಆಯುಧಪೂಜೆಗೆ ಒಡೆಯುವ ಬೂದುಗುಂಬಳವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದರ ಬಿಳಿ ತಿರುಳಿನಲ್ಲಿ ಈ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ.

ತಿಂದದ್ದೆಲ್ಲ ಮೈಗೆ ಹತ್ತುತ್ತದೆಯೇ? ಉತ್ತರ ಒಗ್ಗರಣೆಯಲ್ಲಿದೆ. ಬ್ಯಾಡಗಿ ಖಾರದ ಪುಡಿಯನ್ನು ನೀರಿಗೆ ಹಾಕಿದರೆ ಪುಡಿ ತೇಲುತ್ತದೆ, ನೀರಿಗೆ ಬಣ್ಣ ಅಷ್ಟಾಗಿ ಹಿಡಿಯುವುದಿಲ್ಲ. ಕಾದ ಶೇಂಗಾ ಎಣ್ಣೆಗೆ ಹಾಕಿ ನೋಡಿ, ಎಣ್ಣೆ ಅರೆಗಳಿಗೆಯಲ್ಲಿ ಕೆಂಪಗಾಗುತ್ತದೆ. ಕೆರೋಟಿನಾಯ್ಡ್‌ಗಳು ಕರಗುವುದು ಜಿಡ್ಡಿನಲ್ಲಿ. ಕರುಳು ಅವನ್ನು ಹೀರಿಕೊಳ್ಳಲೂ ಜಿಡ್ಡೇ ಬೇಕು. ಒಗ್ಗರಣೆ ಹಾಕಿ ಬೇಯಿಸಿ, ಮೇಲೆ ಶೇಂಗಾ ಪುಡಿ ಉದುರಿಸಿ, ರೊಟ್ಟಿಯ ಜೊತೆ ತಿನ್ನುವ ನಮ್ಮ ಕುಂಬಳಕಾಯಿ ಪಲ್ಯ ಈ ಷರತ್ತನ್ನು ತಾನಾಗಿಯೇ ಪೂರೈಸುತ್ತದೆ. ಎಣ್ಣೆ ತೋರಿಸದೆ ಬರೀ ಬೇಯಿಸಿ ತಿನ್ನುವ ‘ಡಯಟ್’ ಕುಂಬಳಕ್ಕೆ ಈ ಅನುಕೂಲವಿಲ್ಲ.

ಹಾಗೆಂದು ಕುಂಬಳಕ್ಕೆ ಇಲ್ಲದ ಮಹಿಮೆ ಅಂಟಿಸುವುದೂ ಬೇಡ. ಅದು ಕೊರತೆಯನ್ನು ತಡೆಯುತ್ತದೆ, ಅಷ್ಟೇ. ಕನ್ನಡಕದ ನಂಬರ್ ಇಳಿಸುವುದಿಲ್ಲ. ಬೆಳೆದ ಪೊರೆಯನ್ನು ಕರಗಿಸುವುದಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲವನ್ನು ಕಾಯುವುದು ಸಕ್ಕರೆಯ ಹತೋಟಿ ಮತ್ತು ವರ್ಷಕ್ಕೊಮ್ಮೆಯ ತಪಾಸಣೆ. ಅಕ್ಷಿಪಟಲದ ನಡುಭಾಗದಲ್ಲಿರುವ ಲ್ಯೂಟಿನ್ ಕುಂಬಳದಲ್ಲೂ ಇದೆ. ಹಸಿರು ತಪ್ಪಲಪಲ್ಯದಲ್ಲಿ ಅದು ಇನ್ನೂ ಹೆಚ್ಚು. ಒಳ್ಳೆಯದೆಂದು ಮಾತ್ರೆಗೆ ಕೈ ಹಾಕುವವರು ಇನ್ನೊಂದು ಸಂಗತಿ ಗಮನಿಸಬೇಕು: ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. 1994ರಲ್ಲಿ ಪ್ರಕಟವಾದ ಆ ಫಲಿತಾಂಶ ಮಾತ್ರೆಯದು, ಪಲ್ಯದ್ದಲ್ಲ. ಊಟದಿಂದ ಬಂದ ಕೆರೋಟಿನ್ ಅತಿಯಾದರೆ ಅಂಗೈ ಹಳದಿಯಾಗಬಹುದು, ಅದೂ ತಾನಾಗಿ ಇಳಿಯುತ್ತದೆ.

ಬೇಕಿರುವುದು ಒಂದೇ ಬದಲಾವಣೆ. ಕುಂಬಳ ಇಲ್ಲಿ ಹಬ್ಬಕ್ಕೆ ಗಾರಿಗೆಯಾಗಿ, ಕಡಬಾಗಿ ಬಂದು ಹೋಗುತ್ತದೆ. ಅದು ವಾರದ ಪಲ್ಯವಾಗಬೇಕು. ಬೀಜದ ಮಾತಿಗೆ ಬಂದರೆ, ಇದೇ ಜಿಲ್ಲೆಯ ರಾಣೆಬೆನ್ನೂರು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ಊರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ತಳಿಯಲ್ಲಿ ಕೆರೋಟಿನ್ ಹೇರಳವಾಗಿದೆ. ಇಳುವರಿ, ಗಾತ್ರ, ಬಾಳಿಕೆ ಕೇಳಿ ಬೀಜ ಕೊಳ್ಳುವ ರೈತರು ತಿರುಳಿನ ಬಣ್ಣವನ್ನೂ ಕೇಳಲಿ. ಅಂಗನವಾಡಿ, ಶಾಲೆಯ ಬಿಸಿಯೂಟದ ಸಾರಿಗೆ ಆ ಕಾಯಿ ಸೇರಲಿ. ಮೆಣಸಿನಕಾಯಿಯ ಬಣ್ಣ ಅಳೆಯಲು ಕಲಿತ ಜಿಲ್ಲೆಗೆ ಇದು ದೊಡ್ಡ ಕೆಲಸವೇನಲ್ಲ.