ಗಡಿಗೆ ಬಂದು ನಿಲ್ಲುವ ಪ್ರವಾಸ: ಎರಡು ರಾಜ್ಯಕ್ಕೊಂದು ನೀತಿ ಯಾಕಿಲ್ಲ?

ತಾಂಡೂರು: ಊರ ಪಕ್ಕದ ನದಿಗೆ ಇಲ್ಲಿನ ಮಂದಿ ಕಾಗ್ನಾ ಅಂತಾರೆ. ಅದೇ ನೀರು ಗಡಿ ದಾಟಿ ಕಾಗಿಣಾ ಎನಿಸಿಕೊಂಡು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ಮಗ್ಗುಲಲ್ಲಿ ಹರಿಯುತ್ತದೆ. ನದಿಗೆ ಹೆಸರಷ್ಟೇ ಬದಲು. ನೋಡಲು ಹೊರಟ ಕುಟುಂಬಕ್ಕೆ ಟಿಕೆಟ್, ಪರ್ಮಿಟ್, ನಕ್ಷೆ ಎಲ್ಲವೂ ಬದಲು.

ಈ ಗಡಿ ಹಳೆಯದೇನಲ್ಲ. 1956ರ ನವೆಂಬರ್ 1ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣ. ನೆಂಟಸ್ತಿಕೆ, ಮನೆದೇವರು ಮಾತ್ರ ಎರಡೂ ಕಡೆ ಉಳಿದವು.

ಈಗಿನ ತೊಡಕು ಬಸ್ಸಿನಲ್ಲೇ ಕಾಣುತ್ತದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು, ತೆಲಂಗಾಣದ ಮಹಾಲಕ್ಷ್ಮಿ ಅದೇ ವರ್ಷ ಡಿಸೆಂಬರ್ 9ರಂದು ಆರಂಭವಾದವು. ಎರಡೂ ತಮ್ಮ ತಮ್ಮ ರಾಜ್ಯದ ಮಹಿಳೆಯರಿಗೆ ಮಾತ್ರ. ತಾಂಡೂರಿನ ತಾಯಿ-ಮಗಳು ಮಳಖೇಡಕ್ಕೆ ಹೊರಟರೆ ಗಡಿಯವರೆಗೆ ಜೀರೊ ಟಿಕೆಟ್, ಮುಂದೆ ರೊಕ್ಕ ಕೊಡಬೇಕು. ಸೇಡಂನ ಅಕ್ಕ ತಂಗಿಯ ಮನೆಗೆ ಬಂದರೂ ತೆಲಂಗಾಣದ ಬಸ್ಸಿನಲ್ಲಿ ಆಕೆಗೆ ಉಚಿತ ಇಲ್ಲ. ಇವು ಪ್ರವಾಸೋದ್ಯಮದ ಯೋಜನೆಗಳಲ್ಲ, ಖರೆ. ಆದರೆ ಜಾತ್ರೆ, ದೇವಸ್ಥಾನಕ್ಕೆ ಹೋಗುವ ಹೆಣ್ಣುಮಕ್ಕಳೇ ಈ ಭಾಗದ ದೊಡ್ಡ ಪ್ರವಾಸಿಗರು ಎಂಬುದನ್ನು ಬೆಂಗಳೂರು, ಹೈದರಾಬಾದಿನ ಇಲಾಖೆಗಳು ಲೆಕ್ಕಕ್ಕೇ ಹಿಡಿದಂತಿಲ್ಲ.

ಬಾಡಿಗೆ ಗಾಡಿಯ ಕಥೆಯೂ ಅಷ್ಟೆ. ಕೇಂದ್ರ 2021ರಲ್ಲಿ ಅಖಿಲ ಭಾರತ ಪ್ರವಾಸಿ ಪರ್ಮಿಟ್ ತಂದು, 2023ರಲ್ಲಿ ಅದರ ನಿಯಮ ಪರಿಷ್ಕರಿಸಿತು. ಅದು ಇದ್ದವರಿಗೆ ಗಡಿಯ ಕಾಟ ಕಡಿಮೆ. ಬರೀ ರಾಜ್ಯದ ಪರ್ಮಿಟ್ ಇರುವ ಊರಿನ ಗಾಡಿಯವರು ಪ್ರತಿ ಸಲ ತಾತ್ಕಾಲಿಕ ಪರ್ಮಿಟ್, ತೆರಿಗೆ ಅಂತ ಕಟ್ಟಬೇಕು. ಅದು ಕೊನೆಗೆ ಬೀಳೋದು ಬಾಡಿಗೆ ಮೇಲೆ. ಇದರ ಮುಂದೆ ನಿಜಾಮರ ಕಾಲದ ವಾಡಿ-ಸಿಕಂದರಾಬಾದ್ ರೈಲೇ ವಾಸಿ. 1874ರ ಆ ಹಳಿಯ ಮೇಲೆ ತಾಂಡೂರು, ಸೇಡಂ, ಚಿತ್ತಾಪುರಕ್ಕೆ ಒಂದೇ ಟಿಕೆಟ್.

ನೀತಿಗಳಿಗೇನೂ ಬರ ಇಲ್ಲ. ಕರ್ನಾಟಕಕ್ಕೆ 2024-29ರ ಪ್ರವಾಸೋದ್ಯಮ ನೀತಿ ಇದೆ, ತೆಲಂಗಾಣಕ್ಕೆ 2025-30ರದು. ಕೇಂದ್ರದ ಸ್ವದೇಶ್ ದರ್ಶನ್ 2.0ರಲ್ಲಿ ಇಲ್ಲಿಗೆ ಸಮೀಪದ ಅನಂತಗಿರಿ ತೆಲಂಗಾಣದಿಂದ ಆಯ್ಕೆಯಾಯಿತು, ಕರ್ನಾಟಕದಿಂದ ಹಂಪಿ ಮತ್ತು ಮೈಸೂರು. ಮೂಸಿ ನದಿ ಹುಟ್ಟುವ ಅನಂತಗಿರಿಗೆ ಬಂದ ಹೈದರಾಬಾದಿನವರು ಇನ್ನಷ್ಟು ದೂರ ಬಂದರೆ ಮಳಖೇಡ, ಚಿಂಚೋಳಿಯ ಎತ್ತಿಪೋತ ಜಲಪಾತ, ಚಂದ್ರಂಪಳ್ಳಿ ಜಲಾಶಯ ಎಲ್ಲ ಸಿಗುತ್ತವೆ. ಹಾಗೆ ಜೋಡಿಸಿ ತೋರಿಸುವ ಹೊಣೆ ಯಾವ ಸರ್ಕಾರದ್ದೂ ಅಲ್ಲ!

ಸರ್ಕಾರ ಮಾಡದ್ದನ್ನು ಭಕ್ತರು ಮಾಡಿದ್ದಾರೆ. ಮಹಾರಾಷ್ಟ್ರದ ಅಕ್ಕಲಕೋಟ, ಕರ್ನಾಟಕದ ಗಾಣಗಾಪುರ, ಕೃಷ್ಣೆಯ ನಡುಗಡ್ಡೆಯ ಕುರುವಪುರ, ಆಂಧ್ರದ ಪಿಠಾಪುರ ಇವನ್ನು ದತ್ತ ಭಕ್ತರು ಒಂದೇ ಯಾತ್ರೆಯಾಗಿ ಮುಗಿಸುತ್ತಾರೆ. ಮರಾಠಿ, ಕನ್ನಡ, ತೆಲುಗು ಮಂದಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಅವರಿಗೆ ದಾರಿಯುದ್ದಕ್ಕೂ ಒಂದೇ ಪಾಸು, ಮೂರು ಭಾಷೆಯ ಬೋರ್ಡು ಸಿಕ್ಕಿದ್ದರೆ ಸಾಕಿತ್ತು.

ರಾಜ್ಯಗಳು ಕೂಡಿ ನಡೆಯಬೇಕಾದ ಇನ್ನೊಂದು ಕೆಲಸ ನೋಡಿ. ಕಲಬುರಗಿ, ಬೀದರ್, ವಿಜಯಪುರ ಹಾಗೂ ಹೈದರಾಬಾದಿನ ಸುಲ್ತಾನರ ಕಾಲದ ಸ್ಮಾರಕಗಳನ್ನು ಒಟ್ಟಾಗಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಅದರ ನಂತರ ತೆಲಂಗಾಣದ ರಾಮಪ್ಪ ಗುಡಿ 2021ರಲ್ಲಿ, ಕರ್ನಾಟಕದ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಒಂದೊಂದೇ ರಾಜ್ಯದ್ದಾದರೆ ಹುರುಪು ಹೆಚ್ಚೋ ಏನೋ.

ಕಾನೂನಿನ ಅಡ್ಡಿ ಇದೆಯೇ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪ್ರವಾಸೋದ್ಯಮ ಎಂಬ ವಿಷಯವೇ ಇಲ್ಲ. ದೇಶದೊಳಗಿನ ತೀರ್ಥಯಾತ್ರೆ ರಾಜ್ಯಗಳ ಪಟ್ಟಿಯಲ್ಲಿದೆ. ಹಾಗಾಗಿ ರಾಜ್ಯಗಳೇ ಕೂಡಿ ಮಾತಾಡಬೇಕು. 1956ರ ಅದೇ ಪುನರ್ವಿಂಗಡಣೆ ಕಾಯ್ದೆ ಹುಟ್ಟುಹಾಕಿದ ದಕ್ಷಿಣ ವಲಯ ಪರಿಷತ್ತಿನಲ್ಲಿ ಕರ್ನಾಟಕ, ತೆಲಂಗಾಣ, ಆಂಧ್ರ ಮೂರೂ ಸದಸ್ಯ ರಾಜ್ಯಗಳು. ಮಹಾರಾಷ್ಟ್ರ ಪಶ್ಚಿಮ ವಲಯದ್ದು, ಅದನ್ನು ಬೇರೆಯಾಗಿ ಕರೆಯಬೇಕಾದೀತು.

ಒಂದು ಭಯವೂ ಇದೆ. ಸಾಮಾನ್ಯ ನೀತಿ ಬಂದರೆ ದುಡ್ಡೆಲ್ಲ ದೊಡ್ಡ ಊರುಗಳ ಪಾಲಾಗಿ ಗಡಿ ತಾಲ್ಲೂಕು ಮತ್ತೆ ಬಾಯಿ ಬಿಡಬಾರದು. ಗಡಿಭಾಗಕ್ಕೆಂದೇ ಪಾಲು ಮೊದಲೇ ಬರೆದಿಡಬೇಕು. ಪರಿಷತ್ತಿನ ಸಭೆ ಯಾವಾಗಲಾದರೂ ನಡೆಯಲಿ, ಅಲ್ಲಿಯವರೆಗೆ ಕಲಬುರಗಿ ಮತ್ತು ವಿಕಾರಾಬಾದ್ ಜಿಲ್ಲಾಡಳಿತಗಳು ಅನಂತಗಿರಿ-ತಾಂಡೂರು-ಮಳಖೇಡ ಎಂದು ರವಿವಾರಕ್ಕೊಂದು ಬಸ್ ಓಡಿಸಲು ಯಾರ ಅಪ್ಪಣೆಗೂ ದಿಲ್ಲಿಗೆ ಹೋಗಬೇಕಿಲ್ಲ. ಎರಡೂ ಸಾರಿಗೆ ಸಂಸ್ಥೆಗಳನ್ನು ಕೂಡಿಸಿ ಕೂತರೆ ಆದೀತು. ಹತ್ತಲು ಮಂದಿ ಎರಡೂ ಕಡೆ ಇದ್ದಾರೆ.