ಸಂಬಂಧವೆಂದರೆ ರಕ್ತವೇ?

‘ಸಂಬಂಧ’ ಎಂಬ ಒಂದೇ ಮಾತಿಗೆ ಕನ್ನಡಿಗರು ಎಷ್ಟೊಂದು ಕೆಲಸ ಕೊಟ್ಟಿದ್ದಾರೆ! ಕಚೇರಿಯ ಕಾಗದ ‘ತಮ್ಮ ಅರ್ಜಿಗೆ ಸಂಬಂಧಿಸಿದಂತೆ’ ಎಂದು ಶುರುವಾಗುತ್ತದೆ. ಜಗಳವಾಡಿದವರು ‘ನಿನಗೂ ನನಗೂ ಸಂಬಂಧವಿಲ್ಲ’ ಎಂದು ಮುಗಿಸುತ್ತಾರೆ. ಹೆಣ್ಣು ಹೆತ್ತವರ ಮನೆಯಲ್ಲಿ ‘ಒಳ್ಳೆಯ ಸಂಬಂಧ, ಬಿಡಬೇಡಿ’ ಎಂಬ ಮಾತು ಕೇಳುತ್ತದೆ. ಅದೇ ಮನೆಯ ಹಿರಿಯರು ‘ಸಂಬಂಧದಲ್ಲೇ ಕೊಡೋಣ’ ಎಂದರೆ ಅರ್ಥ ಬೇರೆ. ಹುಡುಗ ಹೊರಗಿನವನಲ್ಲ, ಸೋದರಮಾವ, ಇಲ್ಲವೆ ಅತ್ತೆಯ ಮಗ.

ಇದನ್ನು ‘ರಕ್ತಸಂಬಂಧ’ ಎನ್ನುವುದು ವಾಡಿಕೆ. ಆದರೆ ಇಲ್ಲಿ ರಕ್ತದ ಪಾತ್ರವಿಲ್ಲ. ಗರ್ಭದಲ್ಲಿರುವ ಮಗುವಿಗೆ ತಾಯಿಯಿಂದ ಆಹಾರ, ಆಮ್ಲಜನಕ ಹೋಗುತ್ತವೆಯೇ ಹೊರತು ಇಬ್ಬರ ರಕ್ತ ಸಾಮಾನ್ಯವಾಗಿ ಬೆರೆಯುವುದಿಲ್ಲ. ತಾಯಿಯದು ‘ಎ’ ಗುಂಪು, ಮಗುವಿನದು ‘ಬಿ’ ಗುಂಪು ಆಗಿರಲೂಬಹುದು. ಪೀಳಿಗೆಯಿಂದ ಪೀಳಿಗೆಗೆ ಹಂಚಿಕೆಯಾಗುವುದು ಜೀನ್, ಅಂದರೆ ವಂಶವಾಹಿ.

ಹಂಚಿಕೆಯ ಲೆಕ್ಕ ಸರಳ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಜೀನ್‌ಗಳು ಒಂದೇ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಕಾಲು ಭಾಗ. ಅತ್ತೆ-ಮಾವನ ಮಕ್ಕಳಲ್ಲಿ ಎಂಟನೆಯ ಒಂದು ಭಾಗ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಲ್ಲೂ ಅಷ್ಟೇ! ಭಾಷೆ ಒಬ್ಬನನ್ನು ‘ಅಣ್ಣ’ ಎಂದು ದೂರವಿಟ್ಟು, ಇನ್ನೊಬ್ಬನನ್ನು ಮದುವೆಯ ವರಸೆಗೆ ಸೇರಿಸಿತು. ಜೀನ್‌ಗೆ ವರಸೆ ತಿಳಿಯದು.

ಇದರಿಂದ ಆಗುವುದೇನು? ಬಹುತೇಕ ಜೀನ್‌ಗಳಿಗೆ ಎರಡು ಪ್ರತಿಗಳಿರುತ್ತವೆ. ಅನೇಕ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಅಜ್ಜನಲ್ಲಿ ಹೀಗೆ ಅಡಗಿದ್ದ ದೋಷ ಎರಡು ಕವಲುಗಳಲ್ಲಿ ಇಳಿದು, ಮೊಮ್ಮಕ್ಕಳ ಮದುವೆಯಲ್ಲಿ ಮತ್ತೆ ಕೂಡಬಹುದು. ಹುಟ್ಟುಗಿವುಡು, ಥಲಸ್ಸೇಮಿಯಾದಂಥವು ಕಾಣಿಸಿಕೊಳ್ಳುವುದು ಹೀಗೆ. ಯಾವುದೇ ದಂಪತಿಯ ಮಕ್ಕಳಲ್ಲಿ ನೂರಕ್ಕೆ ಎರಡು-ಮೂರರಲ್ಲಿ ಹುಟ್ಟುದೋಷವಿರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದಾಗ ಅದು ಸುಮಾರು ಇಮ್ಮಡಿಯಾಗುತ್ತದೆ. ಆಗಲೂ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ಮಾವ-ಸೊಸೆ ಮದುವೆಯಲ್ಲಿ ಅಪಾಯ ಇನ್ನೂ ಹೆಚ್ಚು. 1955ರ ಹಿಂದೂ ವಿವಾಹ ಕಾಯಿದೆ ಇದನ್ನು ನಿಷೇಧಿಸಿದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಸಂಬಂಧದಲ್ಲೇ ಆದವು. ಅದಕ್ಕೆ ಕಾರಣಗಳೂ ಇವೆ. ಹೊಲ ಒಡೆಯದು, ಮಗಳು ಕಣ್ಣೆದುರು ಇರುತ್ತಾಳೆ, ಕಷ್ಟಕ್ಕೆ ಒದಗುವವರು ಹತ್ತಿರವಿರುತ್ತಾರೆ. ಇವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಮಾತುಕತೆಗೆ ಮುಂಚೆ ಎರಡು ಪ್ರಶ್ನೆಯನ್ನಾದರೂ ಕೇಳಬೇಕು: ಮನೆತನದಲ್ಲಿ ಹುಟ್ಟುಗಿವುಡರು ಇದ್ದಾರೆಯೇ? ಎಳೆಗೂಸುಗಳು ಒಂದರ ಹಿಂದೊಂದು ತೀರಿಕೊಂಡದ್ದುಂಟೇ? ಹೌದೆಂದಾದರೆ ದೊಡ್ಡಾಸ್ಪತ್ರೆಯಲ್ಲಿ ಅನುವಂಶೀಯತೆ ಬಲ್ಲ ವೈದ್ಯರ ಸಲಹೆ ಪಡೆಯಬೇಕು. ಈಗಾಗಲೇ ಮದುವೆಯಾದವರು ಹೆದರಬೇಕಿಲ್ಲ. ಬಸಿರಾಗುವ ಮುನ್ನ ಥಲಸ್ಸೇಮಿಯಾದ ರಕ್ತಪರೀಕ್ಷೆ ಮಾಡಿಸಿ, ಮಗು ಹುಟ್ಟಿದ ತಿಂಗಳೊಳಗೆ ಅದರ ಕಿವಿ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಜಾತಕ ಕೇಳುವುದಕ್ಕೆ ನಾಚದವರು ಇದನ್ನು ಕೇಳಲೂ ನಾಚಬೇಕಿಲ್ಲ.